ವಾರ್ಷಿಕ ವರದಿ, ಉಣಕಲ್ಲ ಕೆರಿ ದಂಡಿ

ನಮಸ್ಕಾರ ಸಭಿಕರಿಗೆ. ಸಭಿಕರು ಅಂದ್ರ ಆರು ಮಂದಿ,
ಒಂದು ನಾಯಿ, ಗಿರ್ಮಿಟ್ಟಿನ ಪೊಟ್ಟಣ.
ಹಾಯಿದೋಣಿ ಮಾಲೀಕರ ಸಂಘದ ಏಳನೇ ವರದಿ
ಕಾರ್ಯದರ್ಶಿ ಅಂತ ನಾನು ಓದತೇನಿ.
ಸಮುದ್ರ ಘಟ್ಟದ ಆಚೆ ಐತಿ.
ಅದರ ಕಡಿಂದ ನಮಗ ಇಲ್ಲೀಮಟಾ ಏನೂ ತೊಂದರಿ ಆಗಿಲ್ಲ.

ದೋಣಿ ಈಗ ನಾಕು. ಹೋದ ವರ್ಷ ಐದಿದ್ದವು.
ಐದನೇದರ ಸುದ್ದಿ ಕಡೀಕ ಹೇಳತೇನಿ,
ಮೊದಲ ಹಾಯಿ ಬಾಬ್ತು ಮುಗಿಸೂಣು.
ಮೆಹಬೂಬಸಾಬ ನದಾಫ ಅವರು ಲಾರಿ ತಾಡಪತ್ರಿ ಹೊಲಿಯೂ ಸೂಜಿಲೆ
ಎರಡು ಹಾಯಿ ಹೊಲದು ಕೊಟ್ಟಾರ, ಕೂಲಿ ಮುಟ್ಟಿಲ್ಲ.
ಒಂದರ ಮ್ಯಾಲ ಯಾವುದೋ ಟ್ರಾನ್ಸ್‌ಪೋರ್ಟಿನ ಹೆಸರು ಹಂಗ ಉಳದೈತಿ.
ಗಾಳಿ ತುಂಬಿದಾಗಷ್ಟ ಅದು ಪೂರಾ ಓದಾಕ ಬರತೈತಿ,
ಇಲ್ಲಾಂದ್ರ ಬರೇ "ಪೋರ್ಟ".

ಅಂತರಗಂಗಿ ತೆಗಸರಿ ಅಂತ ಪಾಲಿಕೆಗೆ ಹನ್ನೊಂದು ಅರ್ಜಿ ಹೋಗ್ಯಾವ.
ಉತ್ತರ ಒಂದು ಬಂದೈತಿ:
"ತಮ್ಮ ಕೋರಿಕೆಯನ್ನು ಒಳಚರಂಡಿ ವಿಭಾಗಕ್ಕೆ ವರ್ಗಾಯಿಸಲಾಗಿದೆ."
ಅಷ್ಟರಾಗ ಅಂತರಗಂಗಿ ನೀಲಿ ಹೂ ಬಿಟ್ಟಿತು.
ವಿಠ್ಠಲಸಾ ಮೇಹರವಾಡೆ ಅವರ ಮೊಮ್ಮಗಳು
ಅದರದ ಒಂದು ಚಿತ್ರಾ ಬರದು ಬಹುಮಾನ ತಗೊಂಡ್ಲು.
ಇದನ್ನ ಸಂಘದ ಸಾಧನೆ ಅಂತ ದಾಖಲು ಮಾಡೇನಿ.

ಪಂದ್ಯ, ಆಷಾಢದ ಮೊದಲನೇ ಐತವಾರ.
ಮೂರು ದಿನ ಗಾಳಿ ಊರ ಮಂದಿ ಪತ್ರಾಸ ಕಿತ್ತಿತ್ತು;
ನಾವು ನೀರಿಗೆ ಇಳದಿದ್ದ ತಡಾ, ನಿಂತಬಿಡ್ತು.
ಐದೂ ದೋಣಿ ಕೆರಿ ನಟ್ಟನಡುವ.
ರಸ್ತೇದಾಗ ಚಿಗರಿ ಬಸ್ಸು ಮ್ಯಾಲಿಂದ ಮ್ಯಾಲ ಹಾದು ಹೋದವು,
ಒಳಗಿನ ಮಂದಿ ಕೈ ಬೀಸಿದ್ರು,
ನಾವೂ ಬೀಸಿದಿವಿ, ಮತ್ತೇನು ಮಾಡೂದು.
ಕಡೀಕ ಮೀನು ಹಿಡಿಯೂ ಯಮನಪ್ಪ ಬಾರಕೇರ ಬಂದ,
ಒಂದ ಹಗ್ಗಕ್ಕ ಐದೂ ಪೋಣಿಸಿ
ಹರಗೋಲಲೆ ದಂಡಿಗೆ ಎಳದ.
ಎಳದ ಸಾಲನ್ನ ಪಂದ್ಯದ ಫಲಿತಾಂಶ ಅಂತ ತಿಳೀಬೇಕಂತ ಮೇಹರವಾಡೆಯವರು,
ಯಾಕಂದ್ರ ಅವರದು ಮೊದಲನೇದಿತ್ತು.
ಆಕ್ಷೇಪಣಿ ಇನ್ನೂ ವಿಚಾರಣ್ಯಾಗ ಐತಿ.
ಕಡೀ ದೋಣಿ ಶಿವಪುತ್ರಪ್ಪ ಹೆಬಸೂರ ಅವರದು.
ಅವರೊಬ್ಬರು ಮಾತ್ರ ಹಾಯಿ ಇಳಿಸಿರಲಿಲ್ಲ.

ಇಲ್ಲೆ ಕಾರ್ಯದರ್ಶಿ ಸ್ವಂತ ಮಾತು ಒಂದು ಸೇರಸತಾಳ,
ನಿಯಮ ಇಲ್ಲ, ಗೊತ್ತೈತಿ.
ಮೂವತ್ತೊಂದು ವರ್ಷ ಘಂಟಿಕೇರಿ ಸಾಲ್ಯಾಗ ಭೂಗೋಳ ಕಲಿಸೀನಿ.
ನೈಋತ್ಯ ಮಾರುತ ಅಂದ್ರ ನನಗ
ಕರೇ ಹಲಗಿ ಮ್ಯಾಲ ಸೀಮೆಸುಣ್ಣದ ನಾಕು ಬಾಣ.
ಗಂಟಿ ಹೊಡದ ಮ್ಯಾಲ ಒರಿಸಿ ಮನಿಗೆ ಹೋಗತಿದ್ದೆ.
ಮೂರು ವರ್ಷದ ಹಿಂದ, ಶ್ರಾವಣದ ಒಂದು ಸಂಜಿ,
ರೈಲ್ವೆ ವರ್ಕ್‌ಶಾಪಿನ ಗ್ರೀಸು ಇನ್ನೂ ಉಗರಾಗ ಇದ್ದ ಹೆಬಸೂರ ಅವರು
"ಹಿಡೀರಿ ಅಕ್ಕೋರ" ಅಂತ ಹಾಯಿ ಹಗ್ಗ ನನ್ನ ಕೈಯಾಗ ಕೊಟ್ರು.
ಬಾಣ ಎಳೀತು.
ಅಂಗೈ ಸುಲೀತು. ನಾನು ಬಿಡಲಿಲ್ಲ.

ಮಾರ್ಗಶಿರದಾಗ ಅವರು ಹೋದ್ರು.
ದೋಣಿ ಮಾರಿಕೊಡರಿ ಅಂತ ಕೇಳಾಕ ಹೋದವರಿಗೆ
ಗಂಗವ್ವನವರು ಚಹಾ ಕೊಟ್ಟು ಹಿತ್ತಲಕ್ಕ ಕರಕೊಂಡು ಹೋದ್ರು.
ದೋಣಿ ತುಂಬ ಮಣ್ಣು, ಮಣ್ಣಿನ ತುಂಬ ಮೆಂತೆ,
ಹಾಯಿಗಂಬಕ್ಕ ಹೀರೀಬಳ್ಳಿ ಅರ್ಧಾ ಏರಿತ್ತು.
"ಗಾಳಿಗೆ ಆಡತೈತ್ರೀ, ಅವರಿದ್ದಾಗ ಆಡಿದ್ಹಂಗ" ಅಂದ್ರು,
ಮತ್ತ ಆ ಮಾತು ಎತ್ತಲಿಲ್ಲ.

ನಿಯಮ ನಾಕು ಓದಿ ನೋಡೀನಿ:
ಹಾಯಿಗಂಬ ಇದ್ದ ದೋಣಿ ಉಳ್ಳವರು ಸದಸ್ಯರು.
ದೋಣಿ ನೀರಾಗ ಇರಬೇಕಂತ ಎಲ್ಲೂ ಬರದಿಲ್ಲ.
ಹಂಗಾಗಿ ಮೊದಲ ಹೇಳಿದ್ದು ತಿದ್ದಿಕೊಳ್ಳರಿ, ದೋಣಿ ಐದು.
ಗಂಗವ್ವನವರು ಇವತ್ತು ಬಂದಿಲ್ಲ,
ವಂತಿಗಿ ಅಂತ ಎರಡು ಸಿವುಡು ಮೆಂತೆಪಲ್ಲೆ ಕಳಿಸ್ಯಾರ.
ಖಜಾಂಚಿ ಅದನ್ನ ಯಾವ ಕಾಲಮ್ಮಿನಾಗ ಬರೀಬೇಕಂತ
ಒಂದು ತಾಸಿನಿಂದ ಕೇಳಾಕತ್ಯಾರ.

ಶಿಲ್ಕು: ನಾನೂರಾ ಹನ್ನೆರಡು ರೂಪಾಯಿ.
ಮುಂದಿನ ಸಭಾದ ತಾರೀಖು ಗಾಳಿ ನೋಡಿ ತಿಳಸತೇವಿ.
ಯಮನಪ್ಪ ತನ್ನ ಹಗ್ಗ ವಾಪಸ್ ಕೇಳ್ಯಾನ,
ಯಾರ ಹತ್ತರ ಐತಿ, ದಯಮಾಡಿ ತಂದು ಕೊಡರಿ.